ಏಳಡಿ ಅಗಲದ ಮನೆ: ಇಂಗ್ಲೆಂಡಿನ ಕಾಲುವೆ ದೋಣಿಯಲ್ಲಿ ಸಂಸಾರ ನಡೆಯುವುದು ಹೇಗೆ?

ನಮ್ಮ ಸರ್ಕಾರಿ ಬಸ್ಸನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅದರ ಅಗಲದಲ್ಲಿ ಒಂದೂವರೆ ಅಡಿ ಕತ್ತರಿಸಿ ಹಾಕಿ. ಉದ್ದವನ್ನು ಮಾತ್ರ ಅರ್ಧದಷ್ಟು ಜಾಸ್ತಿ ಮಾಡಿ. ಅದರೊಳಗೆ ಅಡುಗೆಮನೆ, ಬಚ್ಚಲು, ಮಂಚ, ಸೌದೆ ಒಲೆ, ನೀರಿನ ಟ್ಯಾಂಕು, ಡೀಸೆಲ್ ಎಂಜಿನ್ ಎಲ್ಲವನ್ನೂ ತುರುಕಿ. ಆಮೇಲೆ ಅದನ್ನು ನೀರಿಗೆ ಇಳಿಸಿ. ನ್ಯಾರೋಬೋಟ್ ಅಂದರೆ ಸುಮಾರಾಗಿ ಇಷ್ಟೇ. ಅಗಲ 6 ಅಡಿ 10 ಇಂಚು. ಉದ್ದ ಹೆಚ್ಚೆಂದರೆ 70, 72 ಅಡಿ. ಎತ್ತರದ ಆಳು ಒಳಗೆ ನಿಂತು ಎರಡೂ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ.

ಯೂಟ್ಯೂಬಿನಲ್ಲಿ ಇಂಥ ದೋಣಿಯ ವಿಡಿಯೊ ಒಂದಾದರೂ ಕಣ್ಣಿಗೆ ಬಿದ್ದಿರುತ್ತದೆ. ಲಂಡನ್‌ಗೆ ಓದಲು, ಕೆಲಸಕ್ಕೆ ಹೋದ ಮಕ್ಕಳು ಅಲ್ಲಿನ ಮನೆ ಬಾಡಿಗೆ ಕೇಳಿ ಬೆಚ್ಚಿಬಿದ್ದು, 'ಸುಮ್ನೆ ಒಂದು ದೋಣಿ ತಗೊಂಡು ಅದರಲ್ಲೇ ಇದ್ದುಬಿಟ್ರೆ ಹೇಗೆ?' ಎಂದು ಫೋನಿನಲ್ಲಿ ಕೇಳುವುದೂ ಉಂಟು. ಊರಲ್ಲಿ ಕೂತ ಅಪ್ಪ ಅಮ್ಮನಿಗೆ ಹೌದು ಅನ್ನಬೇಕೋ ಬೇಡ ಅನ್ನಬೇಕೋ ತಿಳಿಯುವುದಿಲ್ಲ. ವಿಡಿಯೊದಲ್ಲಿ ಬಾತುಕೋಳಿ ಕಾಣುತ್ತದೆ, ಹಬೆಯಾಡುವ ಚಹಾ ಕಾಣುತ್ತದೆ. ನಲ್ಲಿಗೆ ನೀರು ಎಲ್ಲಿಂದ ಬಂತು, ಶೌಚದ ಮಲ ಎಲ್ಲಿಗೆ ಹೋಯಿತು, ಬ್ಯಾಂಕಿನ ಕಾಗದ ಯಾವ ವಿಳಾಸಕ್ಕೆ ಬರುತ್ತದೆ, ಇವು ಕಾಣುವುದಿಲ್ಲ. ಮನೆಯಲ್ಲಿ ಗೋಡೆಯ ಹಿಂದೆ, ನೆಲದ ಕೆಳಗೆ ಅಡಗಿರುವ ಕೆಲಸವೆಲ್ಲ ದೋಣಿಯಲ್ಲಿ ಕೈಗೆ ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಆ ಕೆಲಸದ ಬಗ್ಗೆ.

## ಇದು ನಮ್ಮ ನಾಲೆಯಲ್ಲ

ಕಾಲುವೆ ಅಂದ ಕೂಡಲೇ ನಮಗೆ ನೆನಪಾಗುವುದು ವಿಶ್ವೇಶ್ವರಯ್ಯ ನಾಲೆ, ಭದ್ರಾ ನಾಲೆ. ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಅದು ಇಳಿಜಾರಿನಲ್ಲಿ ಹರಿದು ಗದ್ದೆ ಸೇರುತ್ತದೆ. ಹರಿಯುವುದೇ ನಾಲೆಯ ಕೆಲಸ. ಇಂಗ್ಲೆಂಡಿನ ಹಳೆಯ ಕಾಲುವೆಗಳ ಕತೆ ಉಲ್ಟಾ. ಅಲ್ಲಿ ನೀರು ಆದಷ್ಟೂ ಹರಿಯಬಾರದು. ಹರಿದರೆ ಮೇಲ್ಮುಖವಾಗಿ ಹೋಗುವ ದೋಣಿಗೆ ಕಷ್ಟ, ನೀರೂ ಪೋಲು. ಹೀಗಾಗಿ ಅವು ಹೆಸರಿಗೆ ಕಾಲುವೆ, ಗುಣದಲ್ಲಿ ಉದ್ದಕ್ಕೆ ಎಳೆದ ಕೆರೆ.

ಇವನ್ನು ತೋಡಿದ್ದು ಸಾಮಾನು ಸಾಗಿಸಲು. ಹದಿನೆಂಟನೇ ಶತಮಾನದ ಕೆಸರು ರಸ್ತೆಯಲ್ಲಿ ಒಂದು ಕುದುರೆ ಒಂದೆರಡು ಟನ್ ಎಳೆದರೆ ಹೆಚ್ಚು. ಅದೇ ಕುದುರೆಗೆ ಹಗ್ಗ ಕಟ್ಟಿ ನೀರಿನ ಮೇಲಿನ ದೋಣಿ ಎಳೆಸಿದರೆ 25 ಟನ್ ಕೂಡ ನಿಧಾನಕ್ಕೆ ಹಿಂದೆ ಬರುತ್ತದೆ. 1761ರಲ್ಲಿ ಬ್ರಿಡ್ಜ್‌ವಾಟರ್‌ನ ಡ್ಯೂಕ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್‌ಗೆ ಕಳಿಸಲು ಕಾಲುವೆ ತೆರೆದ. ಪೇಟೆಯಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಅಷ್ಟು ಸಾಕಾಯಿತು. ಮುಂದಿನ ಕೆಲವು ದಶಕ ದೇಶದ ತುಂಬ ಕಾಲುವೆ ತೋಡುವ ಹುಚ್ಚು.

ಹಾಗಾದರೆ ಏಳಡಿ ಎಂಬ ಲೆಕ್ಕ ಎಲ್ಲಿಂದ ಬಂತು? ಡ್ಯೂಕ್‌ನ ಕಾಲುವೆಗೆ ದುಡಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ 1766ರಲ್ಲಿ ಟ್ರೆಂಟ್-ಮರ್ಸಿ ಕಾಲುವೆ ಶುರು ಮಾಡಿದ. ದಾರಿಯಲ್ಲಿ ಹೇರ್‌ಕಾಸಲ್ ಗುಡ್ಡ ಅಡ್ಡ ಬಂತು. ಅದನ್ನು ಕೊರೆಯಬೇಕು, ಯಂತ್ರವಿಲ್ಲ, ಕೈಯಲ್ಲೇ. ಸುರಂಗ ಅಗಲವಾದಷ್ಟೂ ಖರ್ಚು. ಏರು ಇಳಿವಿನ ಕಡೆ ಕಟ್ಟುವ ಲಾಕ್‌ಗಳು ಅಗಲವಾದಷ್ಟೂ ನೀರು ಖರ್ಚು. ಅದಕ್ಕೇ ಕಿರಿದಾಗಿ ಮಾಡಿದ. ಅವನ ಅಳತೆಯನ್ನೇ ಸುತ್ತಲಿನ ಕಾಲುವೆಗಳೂ ಹಿಡಿದವು. ನಮ್ಮಲ್ಲಿ ಮೀಟರ್ ಗೇಜ್ ಹಳಿ ಹಾಕಿದ ಕಡೆ ಮೀಟರ್ ಗೇಜ್ ರೈಲೇ ಓಡಬೇಕಿತ್ತಲ್ಲ, ಹಾಗೆ. 250 ವರ್ಷದ ಹಿಂದಿನ ಜಿಪುಣತನ ಇವತ್ತಿನ ದೋಣಿಯ ಹಾಸಿಗೆ ಎಷ್ಟು ಅಗಲ ಇರಬೇಕು ಅನ್ನುವುದನ್ನು ತೀರ್ಮಾನಿಸುತ್ತಿದೆ.

ಬಾಡಿಗೆ ಉಳಿಸಲು ದೋಣಿ ಹತ್ತುವುದೂ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂದು ದೋಣಿಯವರ ಕೂಲಿ ಕುಸಿದಾಗ, ಅನೇಕರು ನೆಲದ ಮೇಲಿನ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಉದ್ದದ ಬಹುಭಾಗ ಕಲ್ಲಿದ್ದಲಿಗೆ. ಸಂಸಾರಕ್ಕೆ ಹಿಂದುಗಡೆಯ ಹತ್ತಡಿ ಕೋಣೆ. ಅಲ್ಲೇ ಒಲೆ, ಅಲ್ಲೇ ಮಡಚುವ ಮಂಚ, ಅಲ್ಲೇ ಬಾಣಂತನ. ಗುಲಾಬಿ ಮತ್ತು ಕೋಟೆಗಳ ಚಿತ್ರ ಬರೆದು ಕೋಣೆ ಅಂದ ಮಾಡುವ ಅವರ ಪದ್ಧತಿ ಈಗಲೂ ದೋಣಿಗಳ ಬಾಗಿಲಲ್ಲಿ ಉಳಿದಿದೆ. ಒಂದು ಕೋಣೆಯಲ್ಲಿ ಎಷ್ಟು ಜನ ಇರಬಹುದು, ಮಕ್ಕಳು ಶಾಲೆಗೆ ಹೋಗುತ್ತಾರಾ ಎಂದು ವಿಚಾರಿಸುವ ಕಾನೂನು ಬಂದದ್ದು 1877ರಲ್ಲಿ.

1948ರಲ್ಲಿ ಬಹುತೇಕ ಕಾಲುವೆಗಳು ಸರ್ಕಾರದ ಕೈಗೆ ಬಂದವು. 1962-63ರ ಚಳಿಗಾಲದಲ್ಲಿ ವಾರಗಟ್ಟಲೆ ಕಾಲುವೆ ಹೆಪ್ಪುಗಟ್ಟಿ ನಿಂತಿತು. ಮೊದಲೇ ಸೊರಗಿದ್ದ ಸರಕು ಸಾಗಣೆ ಅದಾದ ಮೇಲೆ ಹೆಚ್ಚುಕಮ್ಮಿ ಮುಗಿದೇಹೋಯಿತು. ಆಮೇಲೆ ಬಂದವರು ರಜೆಗೆ ಬಂದವರು, ಅವರ ಹಿಂದೆ ಅಲ್ಲೇ ಇರಲು ಬಂದವರು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ನೀರಿನಲ್ಲಿ 30 ಸಾವಿರಕ್ಕೂ ಜಾಸ್ತಿ ದೋಣಿಗಳಿವೆ.

## ದೋಣಿ ಮೆಟ್ಟಿಲು ಹತ್ತುವ ಬಗೆ

ಕಾಲುವೆ ಸಪಾಟಾಗಿರಬೇಕು ಅಂದೆ. ಆದರೆ ನೆಲ ಸಪಾಟಾಗಿಲ್ಲವಲ್ಲ. ಅದಕ್ಕೇ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಪ್ರತಿ ಮೆಟ್ಟಿಲೂ ಮಟ್ಟಸವಾದ ನೀರು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿಯನ್ನು ಎತ್ತಿಡುವ ಜಾಗಕ್ಕೆ ಲಾಕ್ ಎನ್ನುತ್ತಾರೆ. ಇಲ್ಲಿ ಲಾಕ್ ಅಂದರೆ ಬೀಗವಲ್ಲ. ಎರಡೂ ತುದಿಗೆ ಬಾಗಿಲಿರುವ, ಒಂದು ದೋಣಿ ಹಿಡಿಯುವಷ್ಟು ದೊಡ್ಡ ಕಲ್ಲಿನ ತೊಟ್ಟಿ.

ನೀವು ಕೆಳಗಿನಿಂದ ಮೇಲೆ ಹೋಗಬೇಕು ಅಂದುಕೊಳ್ಳಿ. ತೊಟ್ಟಿಯ ನೀರು ಕೆಳಗಿನ ಕಾಲುವೆಯ ಮಟ್ಟದಲ್ಲಿದೆ. ಕೆಳಬಾಗಿಲಿನಿಂದ ದೋಣಿ ಒಳಗೆ ನುಗ್ಗಿಸುತ್ತೀರಿ. ಎರಡೂ ಬದಿಯಲ್ಲಿ ಅಂಗೈ ಅಗಲದ ಜಾಗ ಕೂಡ ಉಳಿಯುವುದಿಲ್ಲ. ಬಾಗಿಲು ಹಾಕುತ್ತೀರಿ. ಆಮೇಲೆ ಮೇಲ್ಗಡೆಯ ತೂಬು ಎತ್ತಬೇಕು. ನಮ್ಮ ಕೆರೆಗೆ ಇರುವ ತೂಬಿನ ಥರವೇ, ನೀರು ಬಿಡುವ ಕಿಂಡಿಗೆ ಅಡ್ಡ ಹಲಗೆ. ಅದನ್ನು ಎತ್ತಲು ಹಲ್ಲಿನ ಚಕ್ರ ಇದೆ, ಚಕ್ರ ತಿರುಗಿಸಲು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿ. ಇದು ದೋಣಿಯವರ ಸೊಂಟದಲ್ಲೇ ಇರುತ್ತದೆ. ತೂಬು ಎತ್ತಿದಾಗ ಮೇಲಿನ ನೀರು ತೊಟ್ಟಿಗೆ ಧುಮ್ಮಿಕ್ಕುತ್ತದೆ, ದೋಣಿ ನೀರಿನ ಜೊತೆ ತಾನೇ ಮೇಲೇಳುತ್ತದೆ. ಪಂಪಿಲ್ಲ, ಮೋಟರಿಲ್ಲ. ನೀರು ಕೆಳಗಿಳಿಯುವ ಆಸೆಯೇ 15, 20 ಟನ್ನಿನ ಮನೆಯನ್ನು ಮೇಲಕ್ಕೆತ್ತುತ್ತದೆ.

ಬಾಗಿಲಿನ ಯೋಚನೆ ಇನ್ನೂ ಚೆನ್ನ. ಜೋಡಿ ಬಾಗಿಲು ಮುಚ್ಚಿದಾಗ ನೇರ ಗೆರೆಯಾಗಿ ನಿಲ್ಲುವುದಿಲ್ಲ. ಮೇಲಿನ ನೀರಿನ ಕಡೆ ಮೂತಿ ಮಾಡಿ ಬಾಣದ ಆಕಾರದಲ್ಲಿ ಕೂಡುತ್ತವೆ. ನೀರು ಒತ್ತಿದಷ್ಟೂ ಇನ್ನೂ ಬಿಗಿಯಾಗುತ್ತವೆ. ಎರಡೂ ಕಡೆ ನೀರಿನ ಮಟ್ಟ ಒಂದಾಗುವ ತನಕ ಎಂಥ ಪೈಲ್ವಾನ ತಳ್ಳಿದರೂ ಅಲುಗುವುದಿಲ್ಲ. ಒಂದಾದ ಮೇಲೆ, ಬಾಗಿಲಿಗೆ ಜೋಡಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಒರಗಿದರೆ ಸಾಕು, ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಆತುರಗಾರರಿಗೆ ಪಾಠ ಹೇಳಲೆಂದೇ ಮಾಡಿದ ಹಾಗಿದೆ.

ಇಳಿಯುವಾಗ ಒಂದು ಅಪಾಯ ಇದೆ. ಮೇಲ್ಬಾಗಿಲಿನ ಬುಡದಲ್ಲಿ ತೊಟ್ಟಿಯೊಳಗೆ ಚಾಚಿಕೊಂಡ ಕಲ್ಲಿನ ಹೊಸ್ತಿಲು ಇರುತ್ತದೆ. ನೀರು ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ನಿಂತಿದ್ದರೆ, ನೀರು ಇಳಿದಂತೆ ಹಿಂದೆ ಸಿಕ್ಕಿಕೊಂಡು ಮುಂಭಾಗ ಮಾತ್ರ ಕೆಳಗೆ ಜಾರುತ್ತದೆ. ದೋಣಿ ಕೆಲವೇ ನಿಮಿಷದಲ್ಲಿ ಮುಳುಗಬಹುದು. ಅದಕ್ಕೇ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿ ಪೂರ್ತಿ ಆ ಗೆರೆಯ ಮುಂದೆಯೇ ಇರಬೇಕು. ತೂಬು ಎತ್ತುವವರ ಕಣ್ಣು ಫೋನಿನ ಮೇಲಲ್ಲ, ದೋಣಿಯ ಮೇಲಿರಬೇಕು.

ಒಂದು ಲಾಕ್ ದಾಟಲು ಸುಮಾರು ಕಾಲು ಗಂಟೆ. ವೂಸ್ಟರ್-ಬರ್ಮಿಂಗ್‌ಹ್ಯಾಮ್ ಕಾಲುವೆಯ ಟಾರ್ಡಿಬಿಗ್ ಎಂಬಲ್ಲಿ ಒಂದರ ಹಿಂದೆ ಒಂದು 30 ಲಾಕ್‌ಗಳಿವೆ. ಬ್ರಿಟನ್ನಿನಲ್ಲೇ ಇದು ಅತಿ ಉದ್ದದ ಸಾಲು. ಎರಡೂ ಚಿಲ್ಲರೆ ಮೈಲಿ ಹೋಗಲು ಇಡೀ ಹಗಲು ಹಿಡಿದರೂ ಆಶ್ಚರ್ಯವಿಲ್ಲ. ದಡದಲ್ಲಿ ನಿಂತು ಈ ಸರ್ಕಸ್ ನೋಡುವವರಿಗೆ ದೋಣಿಯವರು ಇಟ್ಟ ಹೆಸರು ಗಾಂಗೂಜ್ಲರ್. ಬೈಗುಳವಲ್ಲ, ಆದರೆ ಹೊಗಳಿಕೆಯೂ ಅಲ್ಲ.

ಪ್ರತಿ ಸಲ ಲಾಕ್ ಬಳಸಿದಾಗಲೂ ಒಂದು ತೊಟ್ಟಿ ನೀರು ಮೇಲಿನಿಂದ ಕೆಳಗೆ ಹೋಗಿಬಿಡುತ್ತದೆ. ಏಳಡಿ ಅಗಲ, 72 ಅಡಿ ಉದ್ದ, ಏಳಡಿ ಏರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ 6 ಸಾವಿರ ಲೀಟರಿನ ಟ್ಯಾಂಕರ್ ಸುಮಾರು ಹದಿನೇಳು. ಆ ನೀರನ್ನು ಮತ್ತೆ ತುಂಬಲು ಎತ್ತರದ ಜಾಗಗಳಲ್ಲಿ ಕೆರೆ ಕಟ್ಟಿದ್ದಾರೆ. ಕ್ರಿಕೆಟ್ ಮೈದಾನದಿಂದ ನಮಗೆ ಗೊತ್ತಿರುವ ಎಜ್‌ಬಾಸ್ಟನ್‌ನಲ್ಲಿ ಒಂದು ದೊಡ್ಡ ಕೆರೆ ಇದೆ. 1820ರ ದಶಕದಲ್ಲಿ ಅದನ್ನು ಕಟ್ಟಿದ್ದು ಬರ್ಮಿಂಗ್‌ಹ್ಯಾಮ್ ಕಾಲುವೆಗಳಿಗೆ ನೀರುಣಿಸಲು. ಮಳೆ ಕೈಕೊಟ್ಟರೆ ದೋಣಿ ಪ್ರಯಾಣವೂ ನಿಲ್ಲುತ್ತದೆ. 2025ರ ಬೇಸಿಗೆಯಲ್ಲಿ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ಉದ್ದನೆಯ ಭಾಗ ಹೀಗೇ ಮುಚ್ಚಿತ್ತು.

## ನಡಿಗೆಗಿಂತ ಜೋರಿಲ್ಲ

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ 6.4 ಕಿಲೋಮೀಟರ್. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಹೋಗುವಾಗ ಅದಕ್ಕಿಂತಲೂ ನಿಧಾನ. ಕಾರಣ ಶಿಸ್ತು ಮಾತ್ರ ಅಲ್ಲ. ಕಾಲುವೆ ನಾಲ್ಕಡಿ ಆಳ ಇದ್ದರೆ ಹೆಚ್ಚು, ದೋಣಿ ಅದರಲ್ಲಿ ಎರಡಡಿಗೂ ಜಾಸ್ತಿ ಮುಳುಗಿರುತ್ತದೆ. ದೋಣಿ ಮುಂದೆ ಹೋಗಲು ಅಷ್ಟು ನೀರು ಪಕ್ಕದ ಸಂದಿಯಲ್ಲಿ ಹಿಂದೆ ಸರಿಯಬೇಕು. ಎಂಜಿನ್ ಜೋರು ಮಾಡಿದರೆ ಸರಿಯಲು ನೀರಿಗೆ ಜಾಗವಿಲ್ಲ. ಹಿಂಭಾಗ ತಗ್ಗುತ್ತದೆ, ಅಲೆ ಎದ್ದು ದಡದ ಮಣ್ಣು ತಿನ್ನುತ್ತದೆ, ಡೀಸೆಲ್ ಖರ್ಚಾಗುತ್ತದೆ, ವೇಗ ಮಾತ್ರ ಏರುವುದಿಲ್ಲ.

ಹಾಗಾಗಿ ಪ್ರಯಾಣದ ಲೆಕ್ಕವೇ ಬೇರೆ. ಹತ್ತು ಮೈಲಿ ದಾರಿ, ನಡುವೆ ಹತ್ತು ಲಾಕ್ ಅಂದರೆ ಹತ್ತಿರ ಹತ್ತಿರ ಆರು ಗಂಟೆ. ಕಾರಿನಲ್ಲಿ ಇಪ್ಪತ್ತು ನಿಮಿಷ. ಪಕ್ಕದ ದಾರಿಯಲ್ಲಿ ನಾಯಿ ಹಿಡಿದು ನಡೆಯುವವರು ಆರಾಮಾಗಿ ನಿಮ್ಮನ್ನು ಹಿಂದೆ ಹಾಕುತ್ತಾರೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತ ನಡೆದದ್ದು ಅದೇ ದಾರಿಯಲ್ಲಿ. ಅದರ ಹೆಸರು ಟೋಪಾತ್.

ನಡೆಸುವುದು ದೋಣಿಯ ಹಿಂದುಗಡೆ ನಿಂತು. ಕೈಯಲ್ಲಿ ಸ್ಟೀರಿಂಗ್ ಇಲ್ಲ, ಟಿಲ್ಲರ್ ಎಂಬ ಕೋಲು. ಅದನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ. ಮೊದಲ ಗಂಟೆಯಲ್ಲಿ ಎಲ್ಲರೂ ಪೊದೆಗೆ ನುಗ್ಗಿಸುತ್ತಾರೆ. ಬ್ರೇಕ್ ಇಲ್ಲ. ನಿಲ್ಲಿಸಲು ರಿವರ್ಸ್ ಗೇರ್ ಹಾಕಿ ಕಾಯಬೇಕು. ಆ ದೇಶದ ರಸ್ತೆಯಲ್ಲಿ ನಮ್ಮ ಹಾಗೆ ಎಡಗಡೆ ಹೋಗುವವರು, ನೀರಿನಲ್ಲಿ ಮಾತ್ರ ಬಲಗಡೆ ಹೋಗುತ್ತಾರೆ. ಬೇಕಾದ ಕಡೆ ಯೂ ಟರ್ನ್ ಹೊಡೆಯುವ ಹಾಗೂ ಇಲ್ಲ. ಕಾಲುವೆಯ ಅಗಲಕ್ಕಿಂತ ದೋಣಿಯ ಉದ್ದವೇ ಜಾಸ್ತಿ. ತಿರುಗಿಸಲೆಂದೇ ದಡವನ್ನು ಅಲ್ಲಲ್ಲಿ ಅಗಲ ಮಾಡಿರುತ್ತಾರೆ. ಆ ತಿರುವು ತಪ್ಪಿಸಿಕೊಂಡರೆ ಮುಂದಿನದು ಎಷ್ಟು ಮೈಲಿ ಆಚೆಯೋ.

ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಚೀಲ, ಹಗ್ಗ, ಹಳೆ ಬಟ್ಟೆ ಸುತ್ತಿಕೊಳ್ಳುವುದು ಮಾಮೂಲು, ಪೇಟೆಯ ಒಳಗಂತೂ. ಅದಕ್ಕಾಗಿ ದೋಣಿಯ ಹಿಂದೆ ನೆಲದಲ್ಲಿ ಒಂದು ಮುಚ್ಚಳ ಇರುತ್ತದೆ. ಎಂಜಿನ್ ಬಂದ್ ಮಾಡಿ, ಬೀಗದ ಕೈ ಜೇಬಿಗೆ ಹಾಕಿ, ಮುಚ್ಚಳ ತೆಗೆದು, ತಣ್ಣನೆಯ ನೀರಿಗೆ ಭುಜದ ತನಕ ಕೈ ಇಳಿಸಿ, ಕುಯ್ದು ಕುಯ್ದು ಬಿಡಿಸಬೇಕು. ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಎಂಜಿನ್ ಶುರು ಮಾಡಿದರೆ ನೀರು ದೋಣಿಯೊಳಗೇ ಬರುತ್ತದೆ.

ಅಂದ ಹಾಗೆ, ಕಾಲುವೆಗೆ ಬಿದ್ದವರಿಗೆ ದೋಣಿಯವರು ಕೊಡುವ ಮೊದಲ ಸಲಹೆ 'ಎದ್ದು ನಿಂತುಕೊ'. ಹೆಚ್ಚಿನ ಕಡೆ ನೀರು ಎದೆ ದಾಟುವುದಿಲ್ಲ. ಲಾಕ್ ಮತ್ತು ನದಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಆಳವಿದೆ.

## ತಳ ಕಾಣುವ ಟ್ಯಾಂಕು

ಈಗ ಮನೆಯೊಳಗೆ ಬರೋಣ. ಕುಡಿಯುವ ನೀರು ದೋಣಿಯ ಮುಂಭಾಗದ ಟ್ಯಾಂಕಿನಲ್ಲಿ. ಕೆಲವು ನೂರು ಲೀಟರ್ ಹಿಡಿಯುತ್ತದೆ. ಕಾಲುವೆ ಪಕ್ಕದಲ್ಲಿ ಅಲ್ಲಲ್ಲಿ ಟ್ರಸ್ಟಿನ ನಲ್ಲಿಗಳಿವೆ. ಅಲ್ಲಿ ದೋಣಿ ಕಟ್ಟಿ, ಪೈಪ್ ಹಾಕಿ, ಅರ್ಧ ಗಂಟೆಯೋ ಒಂದು ಗಂಟೆಯೋ ಕಾಯಬೇಕು. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ನಲ್ಲಿ ಮುಂದೆ ಕೊಡಪಾನ ಸಾಲಿಟ್ಟ ಕಾಲ ನೋಡಿದವರಿಗೆ ಈ ಮಾತುಕತೆಯ ರುಚಿ ಗೊತ್ತು. ನೀರಿನ ಭಾರವೇ ದೋಣಿಯ ಮೂತಿಯನ್ನು ತಗ್ಗಿಸಿ ಹಿಡಿಯುವುದರಿಂದ, ಟ್ಯಾಂಕ್ ಖಾಲಿಯಾದಂತೆ ಮುಂಭಾಗ ಮೇಲೇಳುತ್ತದೆ. ಮೇಜಿನ ಮೇಲೆ ಇಟ್ಟ ಕಿತ್ತಳೆ ಹಿಂದಕ್ಕೆ ಉರುಳಿದರೆ ನೀರು ತುಂಬಿಸುವ ಹೊತ್ತಾಯಿತು ಅಂತ ಲೆಕ್ಕ.

ಪಾತ್ರೆ ತೊಳೆದ ನೀರು, ಸ್ನಾನದ ನೀರು ನೇರ ಕಾಲುವೆಗೆ ಹೋಗುತ್ತದೆ. ಅದಕ್ಕೆ ಅವಕಾಶವಿದೆ. ಅದಕ್ಕೇ ಕೆಲವರು ಸೋಪನ್ನು ಯೋಚಿಸಿ ಆರಿಸುತ್ತಾರೆ.

ಕರೆಂಟು ಬರುವುದು ಬ್ಯಾಟರಿಯಿಂದ. ಎಂಜಿನ್ ಓಡುವಾಗ ಕಾರಿನ ಹಾಗೆ ಅದು ಚಾರ್ಜ್ ಆಗುತ್ತದೆ. ಈಗ ಬಹಳ ಜನರ ಸೂರಿನ ಮೇಲೆ ಸೋಲಾರ್ ಫಲಕ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು, ಬೇಕಾದಷ್ಟು ಕರೆಂಟು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಫಲಕ ಇದ್ದೂ ಇಲ್ಲದ ಹಾಗೆ. ಆಗ ದೋಣಿ ಎಲ್ಲೂ ಹೋಗದಿದ್ದರೂ ದಿನಾ ಒಂದೆರಡು ಗಂಟೆ ಎಂಜಿನ್ ಓಡಿಸಬೇಕು. ಪಕ್ಕದವರ ನಿದ್ದೆ ಕೆಡಬಾರದು ಎಂದು ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ತನಕ ಓಡಿಸುವ ಹಾಗಿಲ್ಲ. ಮಿಕ್ಸಿ, ಗ್ರೈಂಡರ್ ಪ್ರಿಯರಿಗೆ ಒಂದು ಎಚ್ಚರಿಕೆ. ಬ್ಯಾಟರಿ 12 ವೋಲ್ಟಿನದು. ಮನೆಯ ವೋಲ್ಟೇಜ್ ಬೇಕಾದರೆ ಇನ್ವರ್ಟರ್ ಬೇಕು. ಬಿಸಿ ಮಾಡುವ ಯಂತ್ರ ಯಾವುದೇ ಇರಲಿ, ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಹೇರ್ ಡ್ರೈಯರ್, ಬ್ಯಾಟರಿಯನ್ನು ಹೀರಿಬಿಡುತ್ತದೆ. ಹಾಗಾಗಿ ಚಹಾಕ್ಕೆ ನೀರು ಕಾಯುವುದು ಗ್ಯಾಸಿನ ಮೇಲೆ, ಚಳಿಗಾಲದಲ್ಲಿ ಸೌದೆ ಒಲೆಯ ನೆತ್ತಿಯ ಮೇಲೆ.

ಗ್ಯಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಡುಗೆ ಅನಿಲದಲ್ಲಿ ಬ್ಯೂಟೇನ್, ಪ್ರೊಪೇನ್ ಎಂದು ಎರಡುಂಟು. ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಬ್ಯೂಟೇನ್ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತದು. ಅದಕ್ಕೇ ದೋಣಿಯಲ್ಲಿ ಪ್ರೊಪೇನ್. ಎರಡೂ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಹೊರಗೆ ಹೋಗಬಹುದು. ದೋಣಿ ಅಂದರೆ ಒಂದು ಕಬ್ಬಿಣದ ಬೋಗುಣಿ, ಸೋರಿದ ಗ್ಯಾಸ್ ತಳದಲ್ಲೇ ನಿಂತಿರುತ್ತದೆ. ಆದ್ದರಿಂದ ಸಿಲಿಂಡರಿಗೆ ಬೇರೆಯದೇ ಗೂಡು, ಗೂಡಿನ ತಳದಲ್ಲಿ ಹೊರಗೆ ತೆರೆದ ತೂತು. ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ಇದನ್ನೆಲ್ಲ ನೋಡಿ ಸುರಕ್ಷತಾ ಪತ್ರ ಕೊಡಬೇಕು. ಒಲೆ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. 2019ರಿಂದ ಅದರ ಅಲಾರಾಂ ದೋಣಿಯಲ್ಲಿ ಕಡ್ಡಾಯ.

ಸೌದೆ, ಹೊಗೆಯಿಲ್ಲದ ಕಲ್ಲಿದ್ದಲು, ಡೀಸೆಲ್, ಸಿಲಿಂಡರ್ ಎಲ್ಲವನ್ನೂ ಮಾರುತ್ತ ಬರುವ ದೋಣಿಗಳೂ ಇವೆ. ನಮ್ಮ ಬೀದಿಗೆ ತರಕಾರಿ ಗಾಡಿ ಬಂದ ಹಾಗೆ. ಅನೇಕ ದೋಣಿಗಳ ಸೂರಿನ ಮೇಲೆ ಕಾಣುವ ಮೂಟೆಗಳು, ಸೌದೆ ರಾಶಿ, ಸೈಕಲ್ಲು, ಹೂಕುಂಡ, ಅದು ಅಟ್ಟ. ಒಳಗೆ ಅಟ್ಟಕ್ಕೆ ಜಾಗವಿಲ್ಲ.

## ಯಾರೂ ಕೇಳದ, ಎಲ್ಲರಿಗೂ ಬೇಕಾದ ಪ್ರಶ್ನೆ

ಶೌಚ. ಇದನ್ನು ಕಾಲುವೆಗೆ ಬಿಡುವಂತಿಲ್ಲ. ದಾರಿಗಳು ಮೂರು. ಕೆಲವರಿಗೆ ಮಂಚದ ಕೆಳಗೆ ದೊಡ್ಡ ಟ್ಯಾಂಕು, ತುಂಬಿದಾಗ ಬೋಟ್‌ಯಾರ್ಡಿಗೆ ಹೋಗಿ ದುಡ್ಡು ಕೊಟ್ಟು ಪಂಪಿನಿಂದ ತೆಗೆಸುತ್ತಾರೆ. ಕೆಲವರದು ನೀರಿಲ್ಲದ ಶೌಚ, ಮೂತ್ರವನ್ನು ಬೇರೆ ಮಾಡಿ ಉಳಿದದ್ದನ್ನು ಮರದ ಪುಡಿ, ತೆಂಗಿನ ನಾರಿನ ಜೊತೆ ಒಣಗಿಸುವುದು. ಬಹಳ ಜನರದು ಕ್ಯಾಸೆಟ್, ಅಂದರೆ ಸುಮಾರು 20 ಲೀಟರಿನ ಪೆಟ್ಟಿಗೆ. ಇಬ್ಬರಿದ್ದರೆ ಕೆಲವೇ ದಿನಕ್ಕೆ ತುಂಬುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಸೂಟ್‌ಕೇಸಿನ ಹಾಗೆ, ಕಾಲುವೆ ಪಕ್ಕದ ಎಲ್ಸನ್ ಎಂಬ ಜಾಗಕ್ಕೆ ಹೋಗಿ ಸುರಿದು ತೊಳೆದು ತರಬೇಕು. ಮುಂದಿನ ಎಲ್ಸನ್ ಎಷ್ಟು ದೂರ ಅನ್ನುವುದು ಅಲ್ಲಿ ಪ್ರಯಾಣ ತೀರ್ಮಾನಿಸುವ ಮುಖ್ಯ ಸಂಗತಿ, ಮುಂದಿನ ಪಬ್ ಎಷ್ಟು ದೂರ ಅನ್ನುವುದಕ್ಕಿಂತಲೂ. ಇಬ್ಬರು ದೋಣಿಯವರು ಹೊಸದಾಗಿ ಪರಿಚಯವಾದರೆ ಮಾತು ಹವಾಮಾನದಿಂದ ಶುರುವಾಗಿ ಬೇಗನೇ ಶೌಚಕ್ಕೆ ಬರುತ್ತದೆ ಎಂಬುದು ಅವರದೇ ತಮಾಷೆ.

## 14 ದಿನದ ಲೆಕ್ಕ

ಮೊದಲ ಪ್ರಶ್ನೆಗೆ ಬರೋಣ. ಲಂಡನ್‌ನಲ್ಲಿ ದೋಣಿ ಕೊಂಡು ಕಟ್ಟಿಹಾಕಿ ಇದ್ದುಬಿಡಬಹುದಾ?

ದೋಣಿಗೆ ವರ್ಷಕ್ಕೊಮ್ಮೆ ಲೈಸೆನ್ಸ್ ಬೇಕು. ಸಾಮಾನ್ಯ ಉದ್ದದ ದೋಣಿಗೆ ಸಾವಿರ ಪೌಂಡಿಗೂ ಜಾಸ್ತಿ ಆಗುತ್ತದೆ. ವಿಮೆ ಬೇಕು, ಸುರಕ್ಷತಾ ಪತ್ರ ಬೇಕು. ಜೊತೆಗೆ ಕಾಯಂ ಆಗಿ ಕಟ್ಟಿಹಾಕಲು ಬಾಡಿಗೆಯ ಜಾಗ ಇದೆಯಾ ಎಂದು ಕೇಳುತ್ತಾರೆ. ಇದ್ದರೆ ಅಲ್ಲೇ ನಿಲ್ಲಿಸಬಹುದು. ಆದರೆ ಅಂಥ ಜಾಗಗಳಲ್ಲಿ ಎಲ್ಲ ಕಡೆಯೂ ವರ್ಷವಿಡೀ ವಾಸ ಮಾಡಲು ಅನುಮತಿ ಇರುವುದಿಲ್ಲ, ಲಂಡನ್‌ನಲ್ಲಿ ಅನುಮತಿ ಇರುವ ಜಾಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಜಾಗ ಇಲ್ಲದವರು ಕಂಟಿನ್ಯುಯಸ್ ಕ್ರೂಸರ್, ಅಂದರೆ ಸದಾ ಸಂಚಾರಿ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಇವರು ನಿಜವಾಗಿ ಪ್ರಯಾಣ ಮಾಡುತ್ತಿರಬೇಕು, ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಕಾಯಿಲೆ, ಎಂಜಿನ್ ಕೆಡುವುದು, ಕಾಲುವೆ ಹೆಪ್ಪುಗಟ್ಟುವುದು, ಇಂಥ ಕಾರಣವಿದ್ದರೆ ಮಾತ್ರ ವಿನಾಯಿತಿ. ಎರಡೇ ಜಾಗದ ನಡುವೆ ಅತ್ತಿಂದಿತ್ತ ಓಡಾಡಿದರೂ ನಡೆಯದು. ವರ್ಷದಲ್ಲಿ ಓಡಾಡಿದ ವ್ಯಾಪ್ತಿ 20 ಮೈಲಿಗಿಂತ ಕಡಿಮೆ ಇದ್ದರೆ ಒಪ್ಪುವುದು ಕಷ್ಟ ಎಂಬುದು ಟ್ರಸ್ಟಿನ ನಿಲುವು. ಸಿಬ್ಬಂದಿ ಟೋಪಾತಿನಲ್ಲಿ ನಡೆಯುತ್ತ ದೋಣಿಗಳ ನಂಬರ್ ಬರೆದುಕೊಳ್ಳುತ್ತಾರೆ. ಪೇಟೆಯ ಒಳಗಿನ ಕೆಲವು ಜಾಗಗಳಲ್ಲಿ 14 ದಿನವೂ ಇಲ್ಲ, ಇನ್ನೂ ಕಮ್ಮಿ. 2024ರ ಏಪ್ರಿಲ್‌ನಿಂದ ಸದಾ ಸಂಚಾರಿಗಳ ಲೈಸೆನ್ಸಿಗೆ ಹೆಚ್ಚುವರಿ ಶುಲ್ಕ ಬಂದಿದೆ. ಮೊದಲ ವರ್ಷ ನೂರಕ್ಕೆ 5, ಆಮೇಲೆ ವರ್ಷ ವರ್ಷ ಏರುವ ಲೆಕ್ಕ. ಕಾಲುವೆ ಉಳಿಸಲು ದುಡ್ಡು ಬೇಕು ಅನ್ನುತ್ತದೆ ಟ್ರಸ್ಟ್. ಬೇರೆ ಮನೆಯೇ ಇಲ್ಲದವರ ಮೇಲೆ ಹೊರೆ ಅನ್ನುತ್ತಾರೆ ದೋಣಿಯವರು.

ಈಗ ಇದನ್ನು ಕೆಲಸಕ್ಕೆ ಹೋಗುವವರ ಕಣ್ಣಿನಿಂದ ನೋಡಿ. ಎರಡು ವಾರಕ್ಕೊಮ್ಮೆ ಮನೆ ಬೇರೆ ಬಡಾವಣೆಗೆ ಹೋಗುತ್ತದೆ. ಆಫೀಸು ಅಲ್ಲೇ ಇರುತ್ತದೆ. ಮಕ್ಕಳ ಶಾಲೆ ಅಲ್ಲೇ ಇರುತ್ತದೆ. ಶನಿವಾರ ದೋಣಿ ಓಡಿಸಿ ಮುಂದಿನ ಊರಿಗೆ ಬಂದರೆ, ಬಿಟ್ಟು ಬಂದ ಕಾರು ತರಲು ಭಾನುವಾರ ಸೈಕಲ್ಲಿನಲ್ಲಿ ಹಿಂದೆ ಹೋಗಬೇಕು. ಲಂಡನ್ ಒಳಗೆ ದಡ ಸಿಗದೆ ದೋಣಿಗೆ ದೋಣಿ ಕಟ್ಟಿರುತ್ತಾರೆ. ಹೊರಗಡೆಯ ದೋಣಿಯವರು ಹಾಲು ತರಲು ಪಕ್ಕದವರ ಮನೆಯ ಮೇಲೆ ಹಾದು ಹೋಗಬೇಕು, ರಾತ್ರಿ ಹನ್ನೊಂದಕ್ಕೂ.

ವಿಳಾಸ ಇನ್ನೊಂದು ತಲೆನೋವು. ಬ್ಯಾಂಕು, ಚಾಲನಾ ಪರವಾನಗಿ, ವಿಮೆ ಎಲ್ಲವೂ ಪಿನ್‌ಕೋಡ್ ಕೇಳುತ್ತವೆ. ಬಂಧುಗಳ ವಿಳಾಸ ಕೊಡುವವರಿದ್ದಾರೆ, ದುಡ್ಡು ಪಡೆದು ಕಾಗದ ಕಾದಿರಿಸುವ ಸೇವೆ ಬಳಸುವವರಿದ್ದಾರೆ. ಇಂಗ್ಲೆಂಡಿನಲ್ಲಿ ವೈದ್ಯರ ಬಳಿ ಹೆಸರು ನೋಂದಾಯಿಸಲು ವಿಳಾಸದ ದಾಖಲೆ ಕಡ್ಡಾಯವಲ್ಲ, ಮತ ಹಾಕಲೂ ಬೇರೆ ದಾರಿ ಇದೆ. ಆದರೆ ಪ್ರತಿ ಸಲವೂ ಕೌಂಟರಿನಲ್ಲಿ ವಿವರಿಸಬೇಕು.

ದುಡ್ಡಿನ ಲೆಕ್ಕದಲ್ಲೂ ಹುಷಾರು. ಸಾಮಾನ್ಯ ಗೃಹಸಾಲ ದೋಣಿಗೆ ಸಿಗುವುದಿಲ್ಲ. ಕೆಳಗೆ ನೆಲವಿಲ್ಲದ್ದರಿಂದ ಇದು ಸೈಟಿನ ಹಾಗೆ ಬೆಲೆ ಏರುವ ಆಸ್ತಿಯಲ್ಲ. ಉಕ್ಕಿನ ತಳ ತುಕ್ಕು ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿ, ತಿಕ್ಕಿ, ಕಪ್ಪು ಟಾರಿನಂಥ ಬಣ್ಣ ಬಳಿಯಬೇಕು. ಆ ದಿನಗಳಲ್ಲಿ ಮನೆ ಸ್ಟ್ಯಾಂಡಿನ ಮೇಲಿರುತ್ತದೆ, ಹತ್ತಲು ಏಣಿ ಬೇಕು. ಬಾಡಿಗೆ ಉಳಿಯುತ್ತದೆ, ನಿಜ. ಉಳಿದದ್ದನ್ನು ದುಡಿಮೆಯಲ್ಲಿ ಕೊಡುತ್ತೀರಿ.

## ಚಳಿಗಾಲ

ನವೆಂಬರಿನಿಂದ ಮಾರ್ಚ್ ತನಕ ಟ್ರಸ್ಟ್ ಲಾಕ್‌ಗಳನ್ನು ಖಾಲಿ ಮಾಡಿ ರಿಪೇರಿ ಮಾಡುತ್ತದೆ. ನೀವಿರುವ ಕಡೆಯಿಂದ ಮುಂದೆ ದಾರಿ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎರಡು ಲಾಕ್‌ಗಳ ನಡುವೆ ವಾರಗಟ್ಟಲೆ ಬಂದಿ. ಗೋಡೆ ಉಕ್ಕಿನದು, ಒಳಗೆ ಒಲೆಯ ಬಿಸಿ, ಅಡುಗೆಯ ಆವಿ, ಉಸಿರು. ಕಿಟಕಿಯಲ್ಲಿ ನೀರು ಹನಿಯುತ್ತಲೇ ಇರುತ್ತದೆ, ಹಾಸಿಗೆಯ ಕೆಳಗೆ ಬೂಷ್ಟು. ಒಲೆ ಆರದಂತೆ ನೋಡಿಕೊಳ್ಳುವುದು ಕೈಕೂಸು ನೋಡಿಕೊಂಡ ಹಾಗೆ.

ಅಪರೂಪಕ್ಕೆ ದೊಡ್ಡ ಅನಾಹುತವೂ ಆಗುತ್ತದೆ. 2025ರ ಹೊಸ ವರ್ಷದ ದಿನ ಭಾರಿ ಮಳೆಗೆ ಚೆಶೈರಿನ ಲಿಟಲ್ ಬಾಲಿಂಗ್ಟನ್ ಬಳಿ ಬ್ರಿಡ್ಜ್‌ವಾಟರ್ ಕಾಲುವೆಯ ಏರಿ ಒಡೆಯಿತು. ಡ್ಯೂಕ್‌ನ ಹೆಸರಿನ ಅದೇ ಹಳೆಯ ಕಾಲುವೆ. ಏರಿ ಒಡೆದರೆ ಹರಿದುಹೋಗುವುದು ಅಲ್ಲಿಯ ನೀರು ಮಾತ್ರ ಅಲ್ಲ, ಆ ಮೆಟ್ಟಿಲಿನ ನೀರೆಲ್ಲ. ಅದನ್ನು ತಡೆಯಲು ಸೇತುವೆಗಳ ಕೆಳಗೆ ಎರಡು ಗೋಡೆಯಲ್ಲೂ ಹಲಗೆ ಕೂರುವಂತೆ ಉದ್ದನೆಯ ಸಂದು ಕೊರೆದಿರುತ್ತಾರೆ. ಅಡ್ಡ ಹಲಗೆ ಒಂದರ ಮೇಲೊಂದು ಇಳಿಸಿ ನೀರು ಕಟ್ಟುವುದು, ನಮ್ಮ ಹಳೆಯ ಕಟ್ಟೆಗಳಲ್ಲಿ ಮಾಡುವ ಹಾಗೇ.

## ಕೊಳ್ಳುವ ಮೊದಲು

ಮಿಲ್ಟನ್ ಕೀನ್ಸ್, ಬರ್ಮಿಂಗ್‌ಹ್ಯಾಮ್, ಲಂಡನ್‌ನಲ್ಲಿರುವ ಕನ್ನಡಿಗರ ಮನೆಯಿಂದ ಕಾಲುವೆ ದೂರವೇನಿಲ್ಲ. ಲಂಡನ್‌ನ ಲಿಟಲ್ ವೆನಿಸ್‌ನಲ್ಲಿ ಸುಮ್ನೆ ಒಂದು ಸಂಜೆ ನಡೆದರೂ ಅರ್ಧ ವಿಷಯ ತಿಳಿಯುತ್ತದೆ. ಉಳಿದರ್ಧಕ್ಕೆ ದೋಣಿಯನ್ನು ಒಂದು ವಾರ ಬಾಡಿಗೆಗೆ ಪಡೆಯಬಹುದು. ಆಶ್ಚರ್ಯ ಅಂದರೆ ಇದನ್ನು ಓಡಿಸಲು ಚಾಲನಾ ಪರವಾನಗಿ ಬೇಡ. ಬಾಡಿಗೆ ಕೊಡುವವರೇ ಹತ್ತಿಸಿಕೊಂಡು ಟಿಲ್ಲರ್, ಲಾಕ್ ಎಲ್ಲ ಹೇಳಿಕೊಡುತ್ತಾರೆ.

ದಾರಿ ಆರಿಸುವುದಾದರೆ ವೇಲ್ಸ್‌ನ ಪಾಂಟ್‌ಕಸಲ್ತೆ ಮೇಲ್ಗಾಲುವೆ ಬಿಡಬೇಡಿ. 1805ರಲ್ಲಿ ತೆರೆದದ್ದು, ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು. ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ, ಅದರಲ್ಲಿ ನೀರು, ನೀರಿನಲ್ಲಿ ನೀವು, 38 ಮೀಟರ್ ಕೆಳಗೆ ಡೀ ನದಿ. ನಡೆಯುವ ದಾರಿಯ ಕಡೆ ಕಂಬಿ ಇದೆ. ಇನ್ನೊಂದು ಕಡೆ ಏನೂ ಇಲ್ಲ, ತೊಟ್ಟಿಯ ಅಂಚು ಅಷ್ಟೇ. ಆ ಹತ್ತು ನಿಮಿಷ ಚಹಾ ಮಾಡಲು ಯಾರೂ ಒಳಗೆ ಹೋಗುವುದಿಲ್ಲ.

ಸಂಜೆ ದೋಣಿ ಕಟ್ಟುವಾಗ ದಡಕ್ಕೆ ಕಬ್ಬಿಣದ ಗೂಟ ಹೊಡೆದು ಎರಡೂ ತುದಿಗೆ ಹಗ್ಗ ಬಿಗಿಯಿರಿ. ಸಡಿಲವಾಗಿದ್ದರೆ ಹಾದುಹೋಗುವ ಪ್ರತಿ ದೋಣಿಗೂ ನಿಮ್ಮ ಸಾರು ಚೆಲ್ಲುತ್ತದೆ. ಹಗ್ಗ ಕಟ್ಟಿದ ಒಂದು ದೊಡ್ಡ ಅಯಸ್ಕಾಂತವನ್ನು ಅನುಭವಿಗಳು ಇಟ್ಟುಕೊಂಡಿರುತ್ತಾರೆ, ನೀರಿಗೆ ಬಿದ್ದ ವಿಂಡ್‌ಲಾಸ್ ಹುಡುಕಲು. ಬಾಡಿಗೆಯವರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ವಿಂಡ್‌ಲಾಸ್ ಕೊಟ್ಟಿರುತ್ತಾರೆ. ವಾಪಸ್ ಕೊಡುವಾಗ ಎಣಿಸಿ ಕೊಡಿ.